ಕ್ಯಾಂಡಿಡಾ ವಾಸಿಯಾದ ಮೇಲೆ ಊಟ ಹೇಗಿರಬೇಕು?

ಕ್ಯಾಂಡಿಡಾ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರದಿಂದ ಬಂದ ಸೋಂಕಿಗೆ ಕೊಟ್ಟ ಮಾತ್ರೆಯ ಕೋರ್ಸ್ ಮುಗಿದಿದೆ. ಬಾಯಿಯ ಬಿಳಿ ಪದರವೋ ಕೆಳಭಾಗದ ತುರಿಕೆಯೋ ಹೋಗಿದೆ. ಆದರೆ ಊಟಕ್ಕೆ ಕೂತಾಗ ಭಯ ಇನ್ನೂ ಹೋಗಿಲ್ಲ. ಫೋನಿಗೆ ಯಾರೋ ಕಳಿಸಿದ ಪಟ್ಟಿ ಕಣ್ಣ ಮುಂದೆ ಬರುತ್ತದೆ: ಸಕ್ಕರೆ ಬೇಡ, ಹಣ್ಣು ಬೇಡ, ಬ್ರೆಡ್ ಬೇಡ, ಇಡ್ಲಿ ದೋಸೆ ಬೇಡ, ಮೊಸರು ಬೇಡ, ಅಣಬೆ ಬೇಡ, ಕಡಲೆಕಾಯಿ ಬೇಡ. ಈ ಪಟ್ಟಿ ಹುಟ್ಟಿದ್ದು 1980ರ ದಶಕದ ಅಮೆರಿಕದಲ್ಲಿ. ದಣಿವು, ತಲೆನೋವು, ಹೊಟ್ಟೆಯುಬ್ಬರ ಎಲ್ಲಕ್ಕೂ ಕರುಳಿನ ಯೀಸ್ಟೇ ಕಾರಣ ಎಂಬ ವಾದ ಆಗ ಅಲ್ಲಿ ಬಹಳ ಜನಪ್ರಿಯವಾಗಿತ್ತು. 1986ರಲ್ಲೇ ಅಲ್ಲಿನ ಅಲರ್ಜಿ ತಜ್ಞರ ಅಕಾಡೆಮಿ ಅದನ್ನು ಸಾಬೀತಾಗದ ಊಹೆ ಎಂದು ತಳ್ಳಿಹಾಕಿತು. ವಾದ ಹೋಯಿತು, ಪಟ್ಟಿ ಮಾತ್ರ ಉಳಿದುಕೊಂಡಿತು.

ವಾಸಿಯಾದ ಮೇಲಿನ ಊಟದ ಉದ್ದೇಶ ಶಿಲೀಂಧ್ರವನ್ನು ಉಪವಾಸ ಕೆಡವುವುದಲ್ಲ. ಅದು ಆಗುವ ಮಾತೂ ಅಲ್ಲ. ಕ್ಯಾಂಡಿಡಾ ಆಲ್ಬಿಕನ್ಸ್ ಆರೋಗ್ಯವಂತರಲ್ಲೂ ಎಷ್ಟೋ ಜನರ ಬಾಯಲ್ಲಿ, ಕರುಳಲ್ಲಿ ಸುಮ್ಮನೆ ಇದ್ದುಕೊಂಡಿರುತ್ತದೆ. ಆರೋಗ್ಯವಂತರಿಗೆ ಹೆಚ್ಚುವರಿ ಸಕ್ಕರೆ ಕೊಟ್ಟು ಜರ್ಮನಿಯಲ್ಲಿ ಮಾಡಿದ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕರುಳಿನ ಕ್ಯಾಂಡಿಡಾ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ರಕ್ತದ ಸಕ್ಕರೆಯೇ ಹತೋಟಿ ತಪ್ಪಿದವರ ಕಥೆ ಬೇರೆ. ಅವರ ಜೊಲ್ಲಿನಲ್ಲೂ ಮೂತ್ರದಲ್ಲೂ ಗ್ಲೂಕೋಸ್ ಏರುತ್ತದೆ, ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಹಾಗಾಗಿ ಊಟದಿಂದ ಆಗಬೇಕಾದ್ದು ಮೂರೇ ಕೆಲಸ: ರಕ್ತದ ಸಕ್ಕರೆ ಸಮನಾಗಿರಬೇಕು, ಪಥ್ಯದಲ್ಲಿ ಕಳೆದುಕೊಂಡ ಶಕ್ತಿ ಮರಳಬೇಕು, ಮತ್ತೆ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವ ದಿನ ಬಂದರೆ ದೇಹ ತಯಾರಿರಬೇಕು. ಜೀವನಪೂರ್ತಿ ನಡೆಸಲಾಗದ ಪಥ್ಯದಿಂದ ಈ ಮೂರರಲ್ಲಿ ಒಂದೂ ಆಗುವುದಿಲ್ಲ.

ಬಂದದ್ದು ಯಾಕೆ ಎಂದು ಮೊದಲು ತಿಳಿಯಿರಿ

ಏನು ತಿನ್ನಬೇಕು ಎಂಬುದು ಕಾಯಿಲೆ ಬಂದ ಕಾರಣದ ಮೇಲೆ ನಿಂತಿದೆ. ಆ್ಯಂಟಿಬಯಾಟಿಕ್ ನುಂಗಿದ ಮೇಲೆ ಒಮ್ಮೆ ಬಂದು ಹೋದ ಸೋಂಕಾದರೆ ದೊಡ್ಡ ಬದಲಾವಣೆಯೇನೂ ಬೇಡ, ಮಾಮೂಲಿ ಒಳ್ಳೆಯ ಊಟ ಸಾಕು. ಮಧುಮೇಹದಿಂದ ಬಂದಿದ್ದರೆ ಊಟವೇ ಮುಖ್ಯ. ಆಸ್ತಮಾದ ಸ್ಟಿರಾಯ್ಡ್ ಇನ್‌ಹೇಲರ್, ರಾತ್ರಿಯೂ ತೆಗೆಯದ ಹಲ್ಲಿನ ಸೆಟ್ಟು, ಒಣಗುವ ಬಾಯಿ ಇವುಗಳಿಂದ ಬಂದಿದ್ದರೆ ಹಣ್ಣು ಬಿಟ್ಟು ಪ್ರಯೋಜನವಿಲ್ಲ, ಬಾಯಿಯ ಆರೈಕೆ ಬದಲಾಗಬೇಕು. ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರಿಕೆಯೇ ಕಾರಣವಾಗಿರುತ್ತದೆ. ಅವರು ಯಾವ ಕಾರಣಕ್ಕೂ ಕಠಿಣ ಪಥ್ಯಕ್ಕೆ ಇಳಿಯಬಾರದು.

ಕಾರಣವೇ ಗೊತ್ತಾಗದೆ ಬಂದಿದ್ದರೆ, ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿಬಿಡಿ. ಮಧುಮೇಹ ಇದೆ ಎಂಬುದು ಕ್ಯಾಂಡಿಡಾ ಬಂದ ಮೇಲೆಯೇ ತಿಳಿಯುವುದು ಅಪರೂಪವೇನಲ್ಲ. ಫಲಿತಾಂಶ ಶೇ 6.5 ಅಥವಾ ಹೆಚ್ಚು ಬಂದರೆ ಮಧುಮೇಹ, ಶೇ 5.7ರಿಂದ 6.4 ಇದ್ದರೆ ಅದರ ಹೊಸ್ತಿಲಲ್ಲಿದ್ದೀರಿ. ಬಾಯಿಯ ಸೋಂಕು ಕಾರಣವಿಲ್ಲದೆ ಮರುಕಳಿಸುತ್ತಿದ್ದರೆ ವೈದ್ಯರು ಎಚ್‌ಐವಿ ಪರೀಕ್ಷೆಯನ್ನೂ ಹೇಳುತ್ತಾರೆ. ಅದಕ್ಕೆ ಮುಜುಗರಪಡಬೇಕಿಲ್ಲ.

ಬೆಳಗ್ಗೆ ಎದ್ದು ಲೋಟದ ನೀರಿಗೆ ಉಗಿದು, ಜೊಲ್ಲು ಎಳೆಎಳೆಯಾಗಿ ಇಳಿದರೆ ಕ್ಯಾಂಡಿಡಾ ಇದೆ ಎನ್ನುವ ಪರೀಕ್ಷೆಯೊಂದು ವಾಟ್ಸ್ಆ್ಯಪಿನಲ್ಲಿ ಓಡಾಡುತ್ತಿದೆ. ಯಾರ ಜೊಲ್ಲಾದರೂ ಹಾಗೇ ಇಳಿಯುತ್ತದೆ. ಮಲಪರೀಕ್ಷೆಯ ವರದಿಯಲ್ಲಿ ‘ಯೀಸ್ಟ್ ಕಂಡುಬಂದಿದೆ’ ಎಂದಿದ್ದರೂ ಅದೊಂದೇ ರೋಗದ ಗುರುತಲ್ಲ.

ಬಿಟ್ಟದ್ದನ್ನು ವಾಪಸು ತರುವ ಕ್ರಮ

ಕೆಲವು ವಾರ ಅನ್ನ, ಹಣ್ಣು, ಬೇಳೆ, ಹಾಲು ಬಿಟ್ಟವರು ಒಂದೇ ದಿನ ಎಲ್ಲವನ್ನೂ ಶುರು ಮಾಡಿದರೆ ಹೊಟ್ಟೆ ಉಬ್ಬುತ್ತದೆ, ಗ್ಯಾಸ್ ಆಗುತ್ತದೆ. ತಕ್ಷಣ ‘ಕ್ಯಾಂಡಿಡಾ ವಾಪಸು ಬಂತು’ ಎಂದು ಹೆದರಿ ಮತ್ತೆ ಪಥ್ಯಕ್ಕೆ ಹೋಗುತ್ತಾರೆ. ಈ ಸುತ್ತು ತಿಂಗಳುಗಟ್ಟಲೆ ನಡೆಯುವುದುಂಟು. ನಡೆದದ್ದು ಇಷ್ಟೇ: ಬೇಳೆಕಾಳಿನಲ್ಲಿ ನಮ್ಮ ಕರುಳು ಜೀರ್ಣಿಸಲಾರದ ಒಂದು ಬಗೆಯ ಸಕ್ಕರೆಗಳಿವೆ, ಅವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಗ್ಯಾಸ್ ಮಾಡುತ್ತವೆ. ಕಾಳು ತಿನ್ನುವ ಅಭ್ಯಾಸ ತಪ್ಪಿದ್ದರೆ ಗ್ಯಾಸ್ ಹೆಚ್ಚು. ಇದಕ್ಕೂ ಕ್ಯಾಂಡಿಡಾಕ್ಕೂ ಸಂಬಂಧವಿಲ್ಲ.

ಆದ್ದರಿಂದ ಎರಡು ಮೂರು ದಿನಕ್ಕೆ ಒಂದೇ ಹೊಸ ಪದಾರ್ಥ ಸೇರಿಸಿ. ಮೊದಲ ವಾರ ಅನ್ನ, ರಾಗಿ, ಜೋಳ, ಹೆಸರುಬೇಳೆ. ಹೆಸರುಬೇಳೆ ಎಲ್ಲಕ್ಕಿಂತ ಹಗುರ. ಬೆಂದ ಬೇಳೆ ಅರ್ಧ ಬಟ್ಟಲಿನಿಂದ ಶುರು ಮಾಡಿ. ಅದು ಒಗ್ಗಿದ ಮೇಲೆ ತೊಗರಿ, ಆಮೇಲೆ ಅಲಸಂದೆ, ಹುರುಳಿ. ಅವರೆಕಾಳು ಕೊನೆಗೆ. ಸೊನೆ ಅವರೆಯ ಕಾಲದಲ್ಲಿ ತಡೆಯಲಾಗದಿದ್ದರೆ ಹಿದಕಿದ ಬೇಳೆಯಿಂದ ಶುರು ಮಾಡಿ, ಸಿಪ್ಪೆ ಹೋದ ಕಾಳು ಹೊಟ್ಟೆಗೆ ಸ್ವಲ್ಪ ಸುಲಭ. ಒಣ ಕಾಳನ್ನು 8ರಿಂದ 10 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೆರಳಿಗೆ ಹಿಸುಕಿದರೆ ಮೇಣದಂತೆ ಆಗುವವರೆಗೆ ಬೇಯಿಸಿ. ಗ್ಯಾಸ್ ಮಾಡುವ ಸಕ್ಕರೆಯಲ್ಲಿ ಒಂದಷ್ಟು ನೆನೆಸಿದ ನೀರಿನ ಜೊತೆಯೇ ಹೋಗುತ್ತದೆ.

ಎರಡನೇ ವಾರ ಹಣ್ಣು. ಸೀಬೆ, ಪರಂಗಿ, ಕಿತ್ತಳೆ ಮೊದಲು. ದಿನಕ್ಕೆ 100 ಗ್ರಾಂ, ಅಂದರೆ ಮಧ್ಯಮ ಗಾತ್ರದ ಒಂದು ಸೀಬೆ. ಏಲಕ್ಕಿ ಬಾಳೆಹಣ್ಣು ಒಂದು ತಿಂದರೆ ಏನೂ ಆಗುವುದಿಲ್ಲ. ಹಣ್ಣನ್ನು ಹಣ್ಣಾಗಿಯೇ ತಿನ್ನಿ, ಜ್ಯೂಸ್ ಮಾಡಬೇಡಿ. ಮೂರನೇ ವಾರ ಇಡ್ಲಿ, ದೋಸೆ, ಬಿಟ್ಟಿದ್ದರೆ ಮೊಸರು. ನಾಲ್ಕನೇ ವಾರ ಹಾಲು, ಬ್ರೆಡ್ಡು, ಅಣಬೆ. ಹಾಲು ಕುಡಿದಾಗ ಮಾತ್ರ ಹೊಟ್ಟೆ ಗುಡುಗುಟ್ಟಿ, ಮೊಸರಿಗೆ ಏನೂ ಆಗದಿದ್ದರೆ ಅದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ. ಹಾಲು ಕಡಿಮೆ ಮಾಡಿ ಮಜ್ಜಿಗೆಗೆ ಬನ್ನಿ.

ಬ್ರೆಡ್ಡಿನ ಯೀಸ್ಟಿನ ಬಗ್ಗೆ ಅನಗತ್ಯ ಹೆದರಿಕೆ ಇದೆ. ಬೇಕರಿಯ ಯೀಸ್ಟ್ ಸ್ಯಾಕರೋಮೈಸಿಸ್ ಎಂಬ ಬೇರೆಯೇ ಜಾತಿ, ಒಲೆಯ ಬಿಸಿಗೆ ಅದು ಸಾಯುತ್ತದೆ ಕೂಡ. ಬೇಕರಿ ತಿಂಡಿ ಕಡಿಮೆ ಮಾಡಬೇಕಾದ್ದು ಅದರ ಮೈದಾ, ಸಕ್ಕರೆ, ವನಸ್ಪತಿಯ ಕಾರಣಕ್ಕೆ. ಕಡಲೆಕಾಯಿಯದೂ ಇಂಥದೇ ಕಥೆ. ಬೂಷ್ಟು ಹಿಡಿದ ಶೇಂಗಾ, ಕೊಬ್ಬರಿಯನ್ನು ಖಂಡಿತ ಎಸೆಯಿರಿ, ಆದರೆ ಎಸೆಯುವುದು ಯಕೃತ್ತಿಗೆ ವಿಷವಾದ ಅಫ್ಲಾಟಾಕ್ಸಿನ್‌ಗೆ ಹೆದರಿ. ಒಳ್ಳೆಯ ಶೇಂಗಾ, ಶೇಂಗಾ ಚಟ್ನಿಪುಡಿ ಧಾರಾಳವಾಗಿ ತಿನ್ನಬಹುದು.

ಸಕ್ಕರೆ ಎಲ್ಲೆಲ್ಲಿ ಅಡಗಿದೆ

ಉಪ್ಪಿಟ್ಟಿಗೆ ಉದುರಿಸುವ ಅರ್ಧ ಚಮಚ ಸಕ್ಕರೆಯ ಬಗ್ಗೆ ಚಿಂತಿಸುವವರು ಕಾಫಿಯ ಲೆಕ್ಕ ಮರೆಯುತ್ತಾರೆ. ಹೊರಗಿನಿಂದ ಸೇರಿಸುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. 2000 ಕ್ಯಾಲೊರಿ ತಿನ್ನುವವರಿಗೆ ಶೇ 5 ಅಂದರೆ 25 ಗ್ರಾಂ, ಮನೆಯ ಚಮಚದಲ್ಲಿ ತುಂಬಿ ಐದು. ಬೆಲ್ಲ, ಜೇನು, ಹಣ್ಣಿನ ರಸದ ಸಕ್ಕರೆಯೂ ಈ ಐದರೊಳಗೇ ಬರಬೇಕು. ಇಡೀ ಹಣ್ಣು, ಹಾಲಿನ ಸಕ್ಕರೆ ಲೆಕ್ಕಕ್ಕಿಲ್ಲ.

ಎರಡು ಚಮಚ ಹಾಕಿದ ಕಾಫಿ ದಿನಕ್ಕೆ ಮೂರು ಲೋಟ ಕುಡಿದರೆ 30 ಗ್ರಾಂ ಅಲ್ಲಿಗೇ ಆಯಿತು. 300 ಮಿಲಿಲೀಟರ್ ಕೋಲಾದಲ್ಲಿ 30 ಗ್ರಾಂ ದಾಟುತ್ತದೆ. ಒಂದು ಲೋಟ ಕಬ್ಬಿನಹಾಲಿನಲ್ಲೂ ದಿನದ ಪಾಲು ಮುಗಿಯುತ್ತದೆ. ಚ್ಯವನಪ್ರಾಶವನ್ನು ಔಷಧಿ ಎಂದುಕೊಂಡು ದಿನಕ್ಕೆ ಎರಡು ಚಮಚ ತಿನ್ನುವವರು ಡಬ್ಬಿಯ ಹಿಂಬದಿ ಓದಿ. ಹೆಚ್ಚಿನವುಗಳಲ್ಲಿ ಅರ್ಧಕ್ಕೂ ಮಿಕ್ಕಿ ಸಕ್ಕರೆಯೇ ಇರುತ್ತದೆ. ಗುಲ್ಕನ್, ಲೇಹ್ಯಗಳು, ಕೆಮ್ಮಿನ ಸಿರಪ್, ಮಕ್ಕಳ ಮಾಲ್ಟ್ ಪುಡಿ ಎಲ್ಲ ಇದೇ ಸಾಲಿನವು. ಎಳನೀರು ಒಳ್ಳೆಯದೇ, ಆದರೆ ಅದರಲ್ಲೂ ಹತ್ತು ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ದಿನಕ್ಕೊಂದು ಸಾಕು, ಒಳಗಿನ ಗಂಜಿಯನ್ನೂ ಮಿತಿ ಮೀರದೆ ತಿನ್ನಿ.

ಬೆಲ್ಲದ ಬಗ್ಗೆ ನಮ್ಮಲ್ಲಿ ಕುರುಡು ಪ್ರೀತಿ. ಅದರಲ್ಲಿ ಖನಿಜಾಂಶ ಒಂದಿಷ್ಟು ಇರುವುದು ನಿಜ, ಆದರೆ ಬೆಲ್ಲದ ಬಹುಪಾಲು ಸುಕ್ರೋಸೇ. ರಕ್ತದ ಸಕ್ಕರೆ ಏರಿಸುವುದರಲ್ಲಿ ಅದು ಸಕ್ಕರೆಗೆ ಅಣ್ಣತಮ್ಮ. ಹಾಗೆಂದು ನಾಲ್ಕು ಜನರ ಹುಳಿಗೆ ಹಾಕುವ ಸಣ್ಣ ತುಂಡಿಗೆ ಗಲಾಟೆ ಮಾಡಬೇಡಿ. ಹತ್ತು ಗ್ರಾಂ ಬೆಲ್ಲ ನಾಲ್ಕು ಜನಕ್ಕೆ ಹಂಚಿದರೆ ತಲೆಗೆ ಎರಡೂವರೆ ಗ್ರಾಂ.

ಕಾಫಿಯ ಸಕ್ಕರೆಯನ್ನು ಒಂದೇ ದಿನ ಬಿಟ್ಟವರು ವಾರದಲ್ಲಿ ಮರಳುತ್ತಾರೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ: ಎರಡು, ಒಂದೂವರೆ, ಒಂದು, ಅರ್ಧ. ಡಿಕಾಕ್ಷನ್ ಸ್ವಲ್ಪ ತೆಳುವಾಗಿಸಿ ಹಾಲು ಹೆಚ್ಚಿಸಿದರೆ ಕಹಿ ತಗ್ಗುತ್ತದೆ, ಇಳಿಸಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಚಿಕೋರಿ ಹೆಚ್ಚಿರುವ ಪುಡಿ ಹೆಚ್ಚು ಕಹಿ, ಸಕ್ಕರೆ ಬೇಡುತ್ತದೆ. ಹೋಟೆಲಿನಲ್ಲಿ ‘ಸಕ್ಕರೆ ಬೇರೆ ಕೊಡಿ’ ಎನ್ನಿ.

ಪೊಟ್ಟಣದ ತಿಂಡಿಯಲ್ಲಿ ‘ಸೇರಿಸಿದ ಸಕ್ಕರೆ’ ಎಂಬ ಸಾಲು ನೋಡಿ. 2020ರ ಲೇಬಲ್ ನಿಯಮದಲ್ಲಿ ಅದನ್ನು ಮುದ್ರಿಸಬೇಕೆಂದಿದೆ. ಪದಾರ್ಥಗಳ ಪಟ್ಟಿಯ ಮೊದಲ ಮೂರರಲ್ಲಿ ಸಕ್ಕರೆ, ಇನ್‌ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್ ಯಾವುದಿದ್ದರೂ ಅದು ದಿನನಿತ್ಯದ ತಿಂಡಿಯಲ್ಲ. ‘ಮಲ್ಟಿಗ್ರೇನ್’, ‘ರಾಗಿ ಬಿಸ್ಕತ್ತು’ ಎಂಬ ದೊಡ್ಡಕ್ಷರ ನೋಡಿ ಮೋಸಹೋಗಬೇಡಿ.

ತಟ್ಟೆಯಲ್ಲಿ ಎಷ್ಟೆಷ್ಟು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ 2000 ಕ್ಯಾಲೊರಿಯ ದಿನಕ್ಕೆ ಹೀಗೆ ಹೇಳುತ್ತದೆ: ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ ಮಾಂಸ 85 ಗ್ರಾಂ, ಸೊಪ್ಪು ಸೇರಿ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿಲೀಟರ್, ಕಾಯಿಬೀಜ 35 ಗ್ರಾಂ, ಎಣ್ಣೆ 27 ಗ್ರಾಂ. ಎಲ್ಲ ಹಸಿ ತೂಕ. ಕ್ಯಾಂಡಿಡಾದಿಂದ ಎದ್ದವರಿಗೆ ಇದಕ್ಕಿಂತ ಬೇರೆ ವಿಶೇಷ ತಟ್ಟೆ ಬೇಕಿಲ್ಲ. ಬಹಳಷ್ಟು ಮನೆಗಳಲ್ಲಿ ಕೈಕೊಡುವುದು ತರಕಾರಿಯ ಅಂಕಿ. ನಾಲ್ಕು ಜನಕ್ಕೆ ಅರ್ಧ ಕೆಜಿ ಹುರುಳಿಕಾಯಿ ಪಲ್ಯ ಮಾಡಿದರೆ ಒಬ್ಬರಿಗೆ 125 ಗ್ರಾಂ ಬಂತಷ್ಟೆ. ಸೊಪ್ಪಿನ ಬಸ್ಸಾರು, ಮಸ್ಸೊಪ್ಪು, ಸೌತೆ ಕೋಸಂಬರಿ ಸೇರಿದರೆ ಮಾತ್ರ 400 ಮುಟ್ಟುತ್ತದೆ.

ರಾಗಿ ಮುದ್ದೆ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬುದು ತಪ್ಪು. ನುಣ್ಣಗೆ ಬೀಸಿದ ಹಿಟ್ಟು ಬೆಂದಾಗ ಬೇಗ ಜೀರ್ಣವಾಗುತ್ತದೆ. ಒಬ್ಬರಿಗೆ 60ರಿಂದ 70 ಗ್ರಾಂ ಹಿಟ್ಟು ಸಾಕು, ಮುದ್ದೆಯಾದಾಗ ಸುಮಾರು 200 ಗ್ರಾಂ ತೂಗುತ್ತದೆ, ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಜೊತೆಗೆ ಹುರುಳಿ ಸಾರಿನ ಕಾಳು ತಟ್ಟೆಗೆ ಬೀಳಬೇಕು, ಬರಿ ತಿಳಿಯಲ್ಲ. ಅದೇ ರಾಗಿಯನ್ನು ಬೆಲ್ಲ ಹಾಕಿದ ತೆಳು ಗಂಜಿ ಮಾಡಿ ಕುಡಿದರೆ ಸಕ್ಕರೆ ಇನ್ನೂ ಬೇಗ ಏರುತ್ತದೆ. ನವಣೆ, ಸಾಮೆ, ಆರಕ ಒಳ್ಳೆಯ ಧಾನ್ಯಗಳೇ, ಆದರೆ ಎರಡು ತಟ್ಟೆ ನವಣೆ ಬಿಸಿಬೇಳೆಬಾತ್ ತಿಂದು ‘ಸಿರಿಧಾನ್ಯವಲ್ಲವೇ’ ಎಂದರೆ ಗ್ಲೂಕೋಮೀಟರ್ ಒಪ್ಪುವುದಿಲ್ಲ.

ಮಧುಮೇಹ ಇರುವವರಿಗೆ ಊಟದ ಅನುಕ್ರಮವೂ ನೆರವಾಗುತ್ತದೆ. ಮೊದಲು ಕೋಸಂಬರಿ, ಪಲ್ಯ, ಕಾಳು. ಆಮೇಲೆ ರೊಟ್ಟಿ ಅಥವಾ ಅನ್ನ. ಬಾಳೆಲೆಯಲ್ಲಿ ಕೋಸಂಬರಿ ಪಲ್ಯ ಮೊದಲು ಬಡಿಸಿ, ಅನ್ನ ಬರುವವರೆಗೆ ಎಲ್ಲರೂ ಸುಮ್ಮನೆ ಕಾಯುತ್ತಾರಲ್ಲ, ಆ ಹೊತ್ತಿನಲ್ಲಿ ಅವನ್ನು ತಿಂದುಬಿಡಿ.

ಪಥ್ಯದಲ್ಲಿ ತೂಕ ಇಳಿದವರು ಪ್ರೋಟೀನ್ ಲೆಕ್ಕ ಹಾಕಿಕೊಳ್ಳಿ. ದೇಹತೂಕದ ಕೆಜಿಗೆ 0.83 ಗ್ರಾಂ, ಅಂದರೆ 60 ಕೆಜಿ ಇದ್ದರೆ ದಿನಕ್ಕೆ 50 ಗ್ರಾಂ. ಸಸ್ಯಾಹಾರಿಗೆ ಇದು ಕಷ್ಟವೇನಲ್ಲ: 250 ಗ್ರಾಂ ಧಾನ್ಯದಿಂದ ಸುಮಾರು 20, 60 ಗ್ರಾಂ ಬೇಳೆಕಾಳಿನಿಂದ 13, 300 ಮಿಲಿಲೀಟರ್ ಹಾಲು ಮೊಸರಿನಿಂದ 9, ಒಂದು ಹಿಡಿ ಶೇಂಗಾದಿಂದ 7. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ ಸಿಗುತ್ತದೆ. ಬಾಯಿಯ ಮೂಲೆ ಪದೇಪದೇ ಒಡೆಯುತ್ತಿದ್ದರೆ ಕಬ್ಬಿಣ, ಬಿ12 ಪರೀಕ್ಷಿಸಿಕೊಳ್ಳಿ. ಈ ಕೊರತೆ ಇದ್ದಾಗ ಆ ಬಿರುಕಿನಲ್ಲಿ ಕ್ಯಾಂಡಿಡಾ ಸುಲಭವಾಗಿ ಕೂರುತ್ತದೆ. ಸೊಪ್ಪಿನ ಊಟಕ್ಕೆ ನಿಂಬೆರಸ ಹಿಂಡಿ. ಕಾಫಿ ಟೀ ಊಟಕ್ಕಿಂತ ಒಂದು ಗಂಟೆ ದೂರ ಇರಲಿ, ಇಲ್ಲದಿದ್ದರೆ ಕಬ್ಬಿಣ ಮೈಗೆ ಅಷ್ಟಾಗಿ ಹತ್ತುವುದಿಲ್ಲ.

ಮೊಸರು ಮತ್ತು ಅಂಬಲಿ

ಹುದುಗಿದ ಆಹಾರವೆಲ್ಲ ಕ್ಯಾಂಡಿಡಾವನ್ನು ಬೆಳೆಸುತ್ತದೆ ಎನ್ನುವವರೂ ಇದ್ದಾರೆ, ಅದೇ ಔಷಧ ಎನ್ನುವವರೂ ಇದ್ದಾರೆ. ಎರಡೂ ಅತಿಯಾಯಿತು. ಮೊಸರು ಸೋಂಕನ್ನು ವಾಸಿ ಮಾಡುತ್ತದೆ, ಮರಳದಂತೆ ತಡೆಯುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೆ ಪ್ರೋಟೀನ್, ಕ್ಯಾಲ್ಸಿಯಂ, ಜೀವಂತ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಮೂರೂ ಸಿಗುವ ಅಗ್ಗದ ಆಹಾರ ಇದಕ್ಕಿಂತ ಬೇರೆ ಇಲ್ಲ.

ಹಾಲು ಕಾಯಿಸಿ, ಬೆರಳಿಟ್ಟರೆ ಹಿತವಾದ ಬಿಸಿ ಇರುವಷ್ಟು ಆರಿಸಿ, ಅಂದರೆ 40ರಿಂದ 45 ಡಿಗ್ರಿ. ಅರ್ಧ ಲೀಟರಿಗೆ ಒಂದು ಸಣ್ಣ ಚಮಚ ಹೆಪ್ಪು. ಬೇಸಿಗೆಯಲ್ಲಿ 6 ಗಂಟೆ ಸಾಕು, ಬೆಂಗಳೂರಿನ ಡಿಸೆಂಬರಿನಲ್ಲಿ 10 ಗಂಟೆ ದಾಟಬಹುದು. ಹಾಲು ತೀರಾ ಬಿಸಿ ಇದ್ದಾಗ ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಾ ಸತ್ತು ಹಾಲು ಹಾಗೇ ಉಳಿಯುತ್ತದೆ. ಹೆಪ್ಪು ಹೆಚ್ಚಾದರೆ ಬೇಗ ಹುಳಿಯಾಗಿ ನೀರು ಬಿಡುತ್ತದೆ. ಮಜ್ಜಿಗೆಹುಳಿಗೆ ಕುದಿಸಿದ ಮೊಸರಿನಲ್ಲಿ, ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿದಿರುವುದಿಲ್ಲ. ಅವು ಒಳ್ಳೆಯ ಊಟ, ಅಷ್ಟೆ. ಅಂಗಡಿಯ ಹಣ್ಣಿನ ಮೊಸರಿನಲ್ಲಿ ಸಕ್ಕರೆ ಸೇರಿರುತ್ತದೆ. ಹೊರದೇಶದಲ್ಲಿರುವವರು ‘ಪ್ಲೇನ್’ ಎಂದೂ ‘ಲೈವ್ ಕಲ್ಚರ್ಸ್’ ಎಂದೂ ಎರಡೂ ಬರೆದಿರುವ ಡಬ್ಬಿ ಆರಿಸಿ.

ಅಂಬಲಿಗೆ ಇಬ್ಬರಿಗೆ ಎಂದರೆ ಮೂರು ದೊಡ್ಡ ಚಮಚ ರಾಗಿಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಎರಡು ಲೋಟ ಕುದಿಯುವ ನೀರಿಗೆ ಸುರಿದು, ಹಸಿವಾಸನೆ ಹೋಗುವವರೆಗೆ ತಿರುವಿ. ಆರಿದ ಮೇಲೆ ಮುಚ್ಚಿ ರಾತ್ರಿ 8 ಗಂಟೆಗಳ ಕಾಲ ಇಡಿ. ಬೆಳಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ, ಕರಿಬೇವು. ವಾಸನೆ ಹಿತವಾದ ಹುಳಿಯಾಗಿರಬೇಕು. ಲೋಳೆ ಬಂದಿದ್ದರೆ, ಮೇಲೆ ಬಣ್ಣದ ಬೂಷ್ಟು ಕಂಡರೆ ಚೆಲ್ಲಿ. ಕಿಮೋಥೆರಪಿಯಲ್ಲಿರುವವರು, ಅಂಗಾಂಗ ಕಸಿ ಆದವರು ರಾತ್ರಿ ಹೊರಗಿಟ್ಟ ಅಂಬಲಿ, ತಂಗಳನ್ನದ ಗೊಡವೆಗೆ ಹೋಗಬೇಡಿ. ಅವರು ಪ್ರೋಬಯಾಟಿಕ್ ಪುಡಿಯನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಬೆಳ್ಳುಳ್ಳಿ, ಕೊಬ್ಬರಿ ಎಣ್ಣೆ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾಂಡಿಡಾವನ್ನು ತಡೆಯುತ್ತವೆ. ಒಗ್ಗರಣೆಯಲ್ಲಿ ತಿಂದರೆ ಅದೇ ಆಗುತ್ತದೆ ಎನ್ನಲಾಗದು. ರುಚಿಗೆ ಬಳಸಿ. ಹಸಿ ಬೆಳ್ಳುಳ್ಳಿಯನ್ನು ಬಾಯಿಯ ಹುಣ್ಣಿಗೋ ಗುಪ್ತಾಂಗಕ್ಕೋ ಇಟ್ಟುಕೊಳ್ಳಬೇಡಿ, ಚರ್ಮ ಸುಡುತ್ತದೆ.

ಮಧುಮೇಹದ ಮಾತ್ರೆ ನುಂಗುವವರು ಇದನ್ನು ಬಿಡದೆ ಓದಿ

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಹೆಚ್ಚುವರಿ ಗ್ಲೂಕೋಸನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹೃದಯಕ್ಕೆ, ಮೂತ್ರಪಿಂಡಕ್ಕೆ ಒಳ್ಳೆಯ ಔಷಧಿಗಳೇ. ಆದರೆ ಮೂತ್ರದಲ್ಲಿ ಸಕ್ಕರೆ ಇರುವುದರಿಂದ ಗಂಡಸರಿಗೂ ಹೆಂಗಸರಿಗೂ ಜನನಾಂಗದ ಕ್ಯಾಂಡಿಡಾ ಬರುವುದು ಹೆಚ್ಚು. ಇವರು ಎಷ್ಟೇ ಸಿಹಿ ಬಿಟ್ಟರೂ ಮೂತ್ರದಲ್ಲಿ ಗ್ಲೂಕೋಸ್ ಹೋಗುತ್ತಲೇ ಇರುತ್ತದೆ, ಯಾಕೆಂದರೆ ಮಾತ್ರೆಯ ಕೆಲಸವೇ ಅದು. ಮೂತ್ರಕ್ಕೆ ಹೋದಾಗಲೆಲ್ಲ ಬರಿ ನೀರಿನಲ್ಲಿ ತೊಳೆದು ಒಣಗಿಸಿಕೊಳ್ಳುವುದು, ಹತ್ತಿಯ ಒಳಉಡುಪು ಇವೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತವೆ. ಮರುಕಳಿಸಿದರೆ ವೈದ್ಯರಿಗೆ ಹೇಳಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಈ ಮಾತ್ರೆ ನುಂಗುತ್ತಾ ಅನ್ನ, ರೊಟ್ಟಿ ಪೂರ್ತಿ ಬಿಡುವ ಕೀಟೋ ಮಾದರಿಯ ಪಥ್ಯ ಮಾಡಿದರೆ ಕೀಟೋಆ್ಯಸಿಡೋಸಿಸ್ ಎಂಬ ಪ್ರಾಣಾಪಾಯದ ಸ್ಥಿತಿ ಬರಬಹುದು. ಆಗ ರಕ್ತದ ಸಕ್ಕರೆ ಹೆಚ್ಚೇನೂ ಏರದಿರಬಹುದು, ಹಾಗಾಗಿ ಗುರುತಿಸುವುದೂ ತಡವಾಗುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿತ ಮಾಡಿದರೆ ಸಕ್ಕರೆ ಕುಸಿಯುತ್ತದೆ. ಕ್ಯಾಂಡಿಡಾಕ್ಕೆ ಕೊಡುವ ಫ್ಲುಕೊನಜೋಲ್ ಗ್ಲಿಮೆಪಿರೈಡಿನ ಬಲವನ್ನು ಹೆಚ್ಚಿಸುತ್ತದೆ ಬೇರೆ; ಎರಡೂ ಒಟ್ಟಿಗೆ ಇರುವ ದಿನಗಳಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡಲೇಬೇಕು. ಬೆವರು, ನಡುಕ, ಕಣ್ಣುಮಂಜು ಬಂದು ಗ್ಲೂಕೋಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ, 15 ನಿಮಿಷಕ್ಕೆ ಮತ್ತೆ ನೋಡಿ. ಆ ಗಳಿಗೆಯಲ್ಲಿ ಕ್ಯಾಂಡಿಡಾ ನೆನೆದು ಸಕ್ಕರೆಗೆ ಹಿಂಜರಿಯಬಾರದು.

ಮತ್ತೆ ಆ್ಯಂಟಿಬಯಾಟಿಕ್ ಬರೆದಾಗ

ನೆಗಡಿಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಅಮಾಕ್ಸಿಸಿಲಿನ್ ತರುವ ರೂಢಿ ಬಿಟ್ಟರೆ ಅರ್ಧ ಕೆಲಸ ಆಯಿತು. ನೆಗಡಿ ವೈರಸ್ಸಿನದು, ಆ ಮಾತ್ರೆ ಅದಕ್ಕೆ ನಾಟುವುದಿಲ್ಲ; ಯೀಸ್ಟನ್ನು ಹದ್ದುಬಸ್ತಿನಲ್ಲಿಟ್ಟ ಬ್ಯಾಕ್ಟೀರಿಯಾಗಳನ್ನು ಮಾತ್ರ ಕೊಲ್ಲುತ್ತದೆ. ನಿಜಕ್ಕೂ ಬೇಕಾದಾಗ ವೈದ್ಯರಿಗೆ ‘ಹಿಂದೆ ಆ್ಯಂಟಿಬಯಾಟಿಕ್ ತಗೊಂಡಾಗ ಕ್ಯಾಂಡಿಡಾ ಬಂದಿತ್ತು’ ಎಂದು ಮೊದಲೇ ಹೇಳಿ. ಅಗತ್ಯ ಎನಿಸಿದರೆ ಅವರೇ ಮುನ್ನೆಚ್ಚರಿಕೆಯ ಮಾತ್ರೆ ಬರೆಯುತ್ತಾರೆ. ಮನೆಯಲ್ಲಿ ಉಳಿದ ಫ್ಲುಕೊನಜೋಲ್ ನುಂಗುವುದು ಸರಿಯಲ್ಲ, ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಿಗಂತೂ ರಕ್ತಸ್ರಾವದ ಅಪಾಯ.

ಆ ದಿನಗಳಲ್ಲಿ ಮೊಸರು ತಿನ್ನಿ ಎಂದು ಎಲ್ಲರೂ ಹೇಳುತ್ತಾರೆ, ಯಾವಾಗ ಎಂದು ಹೇಳುವುದಿಲ್ಲ. ಸಿಪ್ರೋಫ್ಲಾಕ್ಸಸಿನ್ ಮಾತ್ರೆ ಮೊಸರು ಹಾಲಿನ ಕ್ಯಾಲ್ಸಿಯಂ ಜೊತೆ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರದೆ ಹೋಗುತ್ತದೆ. ಮಾತ್ರೆ ನುಂಗಿ ಎರಡು ಗಂಟೆಯ ಮೇಲೆ ಮೊಸರು ತಿನ್ನಬಹುದು. ಮೊಸರು ತಿಂದರೆ ಮುಂದಿನ ಮಾತ್ರೆಗೆ ಆರು ಗಂಟೆ ಬಿಡಬೇಕು. ಬೆಳಗ್ಗೆ 7ಕ್ಕೆ, ಸಂಜೆ 7ಕ್ಕೆ ಮಾತ್ರೆ ಇದ್ದರೆ ಮೊಸರನ್ನ ಮಧ್ಯಾಹ್ನ ಒಂದರೊಳಗೆ ಮುಗಿಸಿ, ರಾತ್ರಿಯ ಮಜ್ಜಿಗೆ 9ರ ಮೇಲೆ. ಮಾತ್ರೆಯನ್ನು ಹಾಲು ಹಾಕಿದ ಕಾಫಿಯಲ್ಲಿ ನುಂಗುವುದೂ ಇದೇ ತಪ್ಪು. ಡಾಕ್ಸಿಸೈಕ್ಲಿನ್‌ಗೂ ಅಂತರ ಇರಲಿ. ಅಮಾಕ್ಸಿಸಿಲಿನ್‌ಗೆ ಈ ತೊಡಕಿಲ್ಲ.

ಬಾಯಿಯ ಸೋಂಕು ಬಂದು ಹೋದವರಿಗೆ

ಇವರಿಗೆ ಸಕ್ಕರೆ ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ, ಎಷ್ಟು ಹೊತ್ತು ಬಾಯಲ್ಲಿತ್ತು ಎನ್ನುವುದು ಮುಖ್ಯ. ಪೆಪ್ಪರ್‌ಮಿಂಟ್ ಚೀಪುತ್ತಾ ಕೂರುವುದು, ಸಂಜೆಯಿಡೀ ಗುಟುಕು ಗುಟುಕಾಗಿ ಸಿಹಿ ಟೀ ಕುಡಿಯುವುದು ಬೇಡ. ಸಿಹಿ ತಿಂದರೆ ಊಟದ ಜೊತೆಗೇ ತಿಂದು ಬಾಯಿ ಮುಕ್ಕಳಿಸಿ. ಇನ್‌ಹೇಲರ್ ಎಳೆದ ತಕ್ಷಣ ನೀರಿನಿಂದ ಗಂಟಲವರೆಗೂ ಮುಕ್ಕಳಿಸಿ ಉಗುಳಿ. ಇನ್‌ಹೇಲರಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಬಳಸಿದರೆ ಬಾಯಲ್ಲಿ ಉಳಿಯುವ ಔಷಧಿ ಕಡಿಮೆಯಾಗುತ್ತದೆ. ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು, ಉಜ್ಜಿ, ನೀರಲ್ಲಿಡಿ. ಬಾಯಿ ಒಣಗುವವರು ಸಾರು, ಮಜ್ಜಿಗೆ ಹೆಚ್ಚಿಸಿಕೊಂಡು ಒಣ ಚಕ್ಕುಲಿ ನಿಪ್ಪಟ್ಟು ತಗ್ಗಿಸಿ.

ಕ್ಯಾಂಡಿಡಾದ ಬಿಳಿ ಪದರ ಸಾಮಾನ್ಯವಾಗಿ ಒರೆಸಿದರೆ ಬರುತ್ತದೆ, ಕೆಳಗೆ ಕೆಂಪಗಿರುತ್ತದೆ. ಒರೆಸಿದರೂ ಹೋಗದ ಬಿಳಿ ಮಚ್ಚೆ ಎರಡು ವಾರ ಉಳಿದರೆ, ಅದರಲ್ಲೂ ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಅಭ್ಯಾಸ ಇದ್ದರೆ, ಪಥ್ಯ ಮಾಡುತ್ತಾ ಕೂರದೆ ದಂತವೈದ್ಯರಿಗೆ ತೋರಿಸಿ. ಅದು ಕ್ಯಾನ್ಸರಿಗೆ ಮುನ್ಸೂಚನೆಯಾಗಿರಬಹುದು.

ಹಬ್ಬ, ಉಪವಾಸ

ಒಂದು ಹೋಳಿಗೆಯಲ್ಲಿ 15ರಿಂದ 20 ಗ್ರಾಂ ಬೆಲ್ಲ ಸುಲಭವಾಗಿ ಇರುತ್ತದೆ. ಯುಗಾದಿಗೆ ಒಂದು ತಿನ್ನಿ, ತುಪ್ಪ ಹಾಕಿಕೊಂಡೇ ತಿನ್ನಿ, ಅವತ್ತು ಪಾಯಸ ಮತ್ತು ಕಾಫಿಯ ಸಕ್ಕರೆ ಬಿಡಿ. ಸಿಹಿಯನ್ನು ಖಾಲಿ ಹೊಟ್ಟೆಗೆ ತಿನ್ನದೆ ಊಟದ ನಡುವೆ ತಿಂದರೆ ಸಕ್ಕರೆ ಏರುವುದು ನಿಧಾನ. ಹೆಚ್ಚು ಕಾಟ ಕೊಡುವುದು ಹಬ್ಬಕ್ಕಿಂತ ಹಬ್ಬದ ನಂತರದ ವಾರ: ಡಬ್ಬಿಯಲ್ಲಿ ಉಳಿದ ಮೈಸೂರು ಪಾಕು, ಊರಿಂದ ಬಂದ ಪೇಡ, ಕುಂದಾ. ಅದನ್ನು ಹಂಚಿಬಿಡಿ. ಏಕಾದಶಿಯ ಫಲಾಹಾರ ಎಂದು ಬೆಲ್ಲದವಲಕ್ಕಿ, ಸಾಬುದಾನಿ, ನಾಲ್ಕು ಬಾಳೆಹಣ್ಣು, ಸಿಹಿ ಹಾಲು ತಿಂದರೆ ಮಾಮೂಲಿ ದಿನಕ್ಕಿಂತ ಹೆಚ್ಚು ಸಕ್ಕರೆ ಹೊಟ್ಟೆಗೆ ಹೋಗುತ್ತದೆ. ಮೊಸರವಲಕ್ಕಿ, ಶೇಂಗಾ, ಒಂದು ಹಣ್ಣು ಸಾಕು.

ಮರುಕಳಿಸಿದರೆ

ಚಿಹ್ನೆ ಮರಳಿದರೆ ಪಥ್ಯ ಬಿಗಿ ಮಾಡಬೇಡಿ, ತೋರಿಸಿ. ವರ್ಷದೊಳಗೆ ಮೂರು ಅಥವಾ ಹೆಚ್ಚು ಸಲ ಯೋನಿಯ ಸೋಂಕು ಬಂದರೆ ಅದಕ್ಕೆ ಬೇರೆಯೇ ಚಿಕಿತ್ಸಾಕ್ರಮ ಇದೆ, ಸಾಮಾನ್ಯವಾಗಿ ವಾರಕ್ಕೊಂದು ಮಾತ್ರೆಯಂತೆ ಆರು ತಿಂಗಳು. ಅದಕ್ಕೆ ಮುಂಚೆ, ಯಾವ ಜಾತಿಯ ಶಿಲೀಂಧ್ರ ಎಂದು ಬೆಳೆಸಿ ನೋಡುವ ಸ್ರಾವದ ಕಲ್ಚರ್ ಪರೀಕ್ಷೆ ಕೇಳಿ. ಕ್ಯಾಂಡಿಡಾ ಗ್ಲಾಬ್ರಾಟಾದಂಥ ಜಾತಿಗಳು ಫ್ಲುಕೊನಜೋಲಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಇನ್ನು ತುರಿಕೆಯೆಲ್ಲ ಕ್ಯಾಂಡಿಡಾವೂ ಅಲ್ಲ. ನುಂಗುವಾಗ ಎದೆಯಲ್ಲಿ ನೋವು, ಅನ್ನ ಸಿಕ್ಕಿಕೊಂಡಂತಾಗುವುದು, ಜ್ವರ ಇದ್ದರೆ ಅದೇ ದಿನ ಹೋಗಿ, ಸೋಂಕು ಅನ್ನನಾಳಕ್ಕೆ ಇಳಿದಿರಬಹುದು. ಹೋಗುವಾಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಯ ಹಾಳೆಗಳು, ಕಳೆದ ಮೂರು ತಿಂಗಳಲ್ಲಿ ನುಂಗಿದ ಆ್ಯಂಟಿಬಯಾಟಿಕ್‌ಗಳ ಹೆಸರು, ಕೊನೆಯ ಎಚ್‌ಬಿಎ1ಸಿ ವರದಿ, ಬಳಸುವ ಇನ್‌ಹೇಲರ್ ಮತ್ತು ಮುಲಾಮುಗಳು ಜೊತೆಗಿರಲಿ.